ರೋಗಿಯ ಅಂಜಿಕೆಯೂ ರೋಗವೇ
(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ವೈದ್ಯಕೀಯ ವಿಷಯವನ್ನು ಕುರಿತು ಬ್ಯಾಂಕಿನ ಗುಮಾಸ್ತನೊಬ್ಬನು ಮಾತನಾಡಲು ನಿಂತುದನ್ನು ಕಂಡು ತಮಗೆ ಆಶ್ಚರ್ಯವಾಗಬಹುದು. ನಾನು ಓದಿದ್ದು ಬಿ.ಕಾಂ.; ಬಲ್ಲದ್ದು ಜಮಾ-ಖರ್ಚು ಮಾತ್ರ. ಆದರೆ ನಮ್ಮ ಮನೆಯ ಒಂದು ಲೆಕ್ಕದಲ್ಲಿ ನಾನೇ ದೊಡ್ಡ ತಪ್ಪು ಮಾಡಿದೆ. ಅದನ್ನು ತಮ್ಮೆದುರು ಒಪ್ಪಿಕೊಂಡರೆ ಇತರ ಮನೆಗಳಿಗೆ ಉಪಯೋಗವಾದೀತೆಂದು ಈ ಸಾಹಸ ಮಾಡಿದ್ದೇನೆ.

ನನ್ನ ತಂದೆಯವರು ವಿಜಯಪುರ ಜಿಲ್ಲೆಯಿಂದ ಬಂದು, ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಹನ್ನೆರಡು ವರ್ಷಗಳಿಂದ ಅವರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಒಂದು ರಾತ್ರಿ ರಕ್ತದ ಸಕ್ಕರೆ ತೀರ ಇಳಿದು, ಮೈಯೆಲ್ಲ ಬೆವೆತು, ಕೈಕಾಲು ನಡುಗಿದವು. ಅವ್ವ ಸಕ್ಕರೆ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡರು. ಆ ರಾತ್ರಿ ಕಳೆಯಿತು. ಅದರ ಅಂಜಿಕೆ ಮಾತ್ರ ಕಳೆಯಲಿಲ್ಲ.

ಅಂದಿನಿಂದ ಎದೆ ಸ್ವಲ್ಪ ಬಡಿದುಕೊಂಡರೆ ಸಾಕು, ಅವರು ಬೆಲ್ಲ ತಿನ್ನುವರು. ಹೀಗೆ ಸಕ್ಕರೆ ಏರಿತು. ಏರಿತೆಂದು ಇನ್ಸುಲಿನ್ ಹೆಚ್ಚಿತು. ಹೆಚ್ಚಿತೆಂದು ಅಂಜಿಕೆಯೂ ಬೆಳೆಯಿತು. ಸಂಜೆಯ ತಿರುಗಾಟ ನಿಂತಿತು. ಒಬ್ಬರೇ ಲೋಕಲ್ ಗಾಡಿ ಹತ್ತುವುದೂ ನಿಂತಿತು. ನಾನು ಮಾಡಿದ್ದೇನು? "ಸುಮ್ಮನ ಅಂಜತೀರಿ, ಧೈರ್ಯ ತಗೋರಿ" ಎಂದು ದಿನವೂ ಉಪದೇಶ ಮಾಡಿದೆ. ಒಮ್ಮೆ ಸಿಟ್ಟಿನಲ್ಲಿ ಬೆಲ್ಲದ ಡಬ್ಬಿಯನ್ನೇ ಬಚ್ಚಿಟ್ಟೆ. ಇನ್ಸುಲಿನ್ ತೆಗೆದುಕೊಳ್ಳುವವರ ಮನೆಯಲ್ಲಿ ಇದು ಎಂಥ ಅಪಾಯದ ಕೆಲಸವೆಂಬುದು ನನಗೆ ಆಗ ಹೊಳೆಯಲಿಲ್ಲ. ಆ ದಿನ ತಂದೆಯವರು ಹೇಳಿದ ಮಾತು ಇದು: "ತಮ್ಮಾ, ನಾ ಸಾಯೂದಕ್ಕ ಅಂಜೂದಿಲ್ಲಪಾ. ಗುರ್ತಿಲ್ಲದ ಮಂದ್ಯಾಗ ಬೀಳೂದಕ್ಕ ಅಂಜತೀನಿ."

ಊರು ಬಿಟ್ಟು ಬಂದ ನಮಗೆ ಈ ಮಾತಿನ ಭಾರ ತಿಳಿಯದೆ ಇರದು.

ಇದನ್ನು ಅವರು ಆಸ್ಪತ್ರೆಯಲ್ಲಿ ಹೇಳಲಾರದೆ ಹೋದರು. ಅವರ ಹಿಂದಿ ಕಾರ್ಖಾನೆಯ ಹಿಂದಿ. "ಎದಿ ಧಸಕ್ ಅಂತದ" ಎಂಬುದಕ್ಕೆ ಅದರಲ್ಲಿ ಶಬ್ದ ಸಿಗದೆ "ಚಕ್ಕರ್" ಎಂದರು. ತಲೆ ಸುತ್ತಿಗೆ ಗುಳಿಗೆ ಬಂತು! ಕೊನೆಗೆ ಸಂಘದ ಸದಸ್ಯರೊಬ್ಬರು ಕನ್ನಡ ಬಲ್ಲ ಮನಶ್ಶಾಸ್ತ್ರಜ್ಞೆಯೊಬ್ಬರ ಪರಿಚಯ ಮಾಡಿಸಿದರು. ಅಲ್ಲಿ ತಂದೆಯವರು ಒಂದು ಗಂಟೆ ತಮ್ಮ ಮಾತಿನಲ್ಲಿಯೇ ಮಾತನಾಡಿದರು.

ಆಕೆ ವಿವರಿಸಿದ್ದು ಹೀಗೆ. ಸಕ್ಕರೆ ಇಳಿದಾಗ ದೇಹವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಅಂಜಿಕೆಯಾದಾಗಲೂ ಅದೇ ರಸ, ಅದೇ ಬೆವರು, ಅದೇ ನಡುಕ, ಅದೇ ಎದೆಬಡಿತ. ಆದುದರಿಂದ ರೋಗಿಗೆ ಎರಡರ ಭೇದ ತಿಳಿಯುವುದಿಲ್ಲ. ಉಬ್ಬಸದವರಲ್ಲಿ ಅಂಜಿಕೆಯಿಂದ ಉಸಿರು ಅವಸರವಾಗಿ, ಅವಸರದ ಉಸಿರಿನಿಂದ ಅಂಜಿಕೆ ಬೆಳೆಯುತ್ತದೆ. ಹೃದಯರೋಗಿಯು ಮೆಟ್ಟಿಲು ಹತ್ತಿದಾಗಿನ ಸಹಜವಾದ ಬಡಿತವನ್ನೂ ಮೃತ್ಯುವಿನ ಕರೆಯೆಂದು ಬಗೆಯಬಹುದು. ಇದು ಹೇಡಿತನವಲ್ಲ, ಚಿಕಿತ್ಸೆಗೆ ಬಗ್ಗುವ ತೊಂದರೆ.

ಅಮೆರಿಕದಲ್ಲಿ ಆಲ್ಬರ್ಟ್ ಎಲಿಸ್, ಆರನ್ ಬೆಕ್ ಮೊದಲಾದವರು 1950 ಮತ್ತು 60ರ ದಶಕಗಳಲ್ಲಿ ರೂಪಿಸಿದ ಮಾತಿನ ಚಿಕಿತ್ಸೆಯ ದಾರಿ ಇದಕ್ಕೆ ಉಂಟು. ಇಂಥ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದಾಗ ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರಾದರು. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. 'ಕೊರವಂಜಿ'ಯ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರು, ಮನೋವೈದ್ಯದ ವಿಷಯವನ್ನು ಕನ್ನಡದಲ್ಲಿಯೇ ಬರೆದರು; ಅವರ 'ಮನಮಂಥನ'ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು.

ನಮ್ಮ ಮನೆಯಲ್ಲಿ ಚಿಕಿತ್ಸೆ ನಡೆದದ್ದು ಒಂದು ನೋಟ್ ಪುಸ್ತಕದಿಂದ. ಅಂಜಿಕೆ ಬಂದೊಡನೆ ಯಂತ್ರದಲ್ಲಿ ಸಕ್ಕರೆ ನೋಡಿ ಬರೆಯುವುದು. 70ಕ್ಕಿಂತ ಕಡಿಮೆಯಿದ್ದರೆ ಮೂರು ಚಹದ ಚಮಚ ಸಕ್ಕರೆಯನ್ನು ನೀರಿನಲ್ಲಿ ಕುಡಿದು, 15 ನಿಮಿಷಗಳಾದ ಮೇಲೆ ಮತ್ತೆ ನೋಡುವುದು. ಹೆಚ್ಚಿದ್ದರೆ ಬೆಲ್ಲ ಮುಟ್ಟದೆ, ನಿಧಾನವಾಗಿ ಉಸಿರಾಡುತ್ತ ಕುಳಿತು, ಮುಂದೇನಾಯಿತೆಂಬುದನ್ನೂ ಬರೆಯುವುದು. ಯಂತ್ರ ಕೈಯಲ್ಲಿಲ್ಲದಾಗ ಮಾತ್ರ ಸಕ್ಕರೆ ಇಳಿದಿದೆಯೆಂದೇ ತಿಳಿದು ಸಿಹಿ ತೆಗೆದುಕೊಳ್ಳಬೇಕು. ಇತ್ತ ವೈದ್ಯರು ಇನ್ಸುಲಿನ್ ಪ್ರಮಾಣವನ್ನೂ ಸರಿಪಡಿಸಿದರು. ತಿಂಗಳ ಕೊನೆಗೆ ನಾನು ಲೆಕ್ಕ ಕೂಡಿದೆ. ಅಂಜಿಕೆ ಬಂದದ್ದು 23 ಸಲ. ಸಕ್ಕರೆ ನಿಜವಾಗಿ ಇಳಿದದ್ದು 2 ಸಲ. ನನ್ನ ನೂರು ಉಪದೇಶಗಳು ಮಾಡದ ಕೆಲಸವನ್ನು ತಂದೆಯವರ ಕೈಬರಹದ ಆ ಒಂದು ಪುಟ ಮಾಡಿತು.

ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹೊರಗೆ ನಡೆದರು. ಮೊದಲು ಘಣಸೋಲಿ ನಿಲ್ದಾಣದ ಬೆಂಚಿನವರೆಗೆ. ಬಳಿಕ ನನ್ನೊಡನೆ ಒಂದೇ ನಿಲ್ದಾಣ, ರಬಾಳೆಗೆ. ಕೊನೆಗೆ ಒಬ್ಬರೇ ಠಾಣೆಗೆ. ಅಂಗಿಯ ಕಿಸೆಯಲ್ಲಿ ಸಕ್ಕರೆಯ ಪೊಟ್ಟಣ. ಜೊತೆಗೊಂದು ಚೀಟಿ: "ನನಗೆ ಸಕ್ಕರೆ ಕಾಯಿಲೆ ಇದೆ, ನನ್ನ ಮಗನಿಗೆ ತಿಳಿಸಿರಿ" ಎಂದು ಕನ್ನಡ, ಮರಾಠಿ, ಹಿಂದಿಗಳಲ್ಲಿ. ಗುರುತಿಲ್ಲದ ಮಂದಿ ಆ ಚೀಟಿಯಿಂದ ಅರ್ಧ ಗುರುತಿನವರಾದರು.

ಅಂಜಿಕೆ ಪೂರ್ತಿ ಹೋಗಿದೆಯೆಂದು ನಾನು ಹೇಳಲಾರೆ. ಈಗಲೂ ಕೆಲವು ರಾತ್ರಿ ಎದ್ದು ಕುಳಿತಿರುತ್ತಾರೆ. ನಾನೂ ಎದ್ದು ಪಕ್ಕದಲ್ಲಿ ಕುಳಿತುಕೊಳ್ಳುತ್ತೇನೆ, ಉಪದೇಶ ಮಾಡುವುದಿಲ್ಲ.

ತಮ್ಮಲ್ಲಿ ನನ್ನ ಬಿನ್ನಹ ಇಷ್ಟು. ಎದೆನೋವು, ಉಸಿರುಕಟ್ಟು ಬಂದರೆ ಅಂಜಿಕೆಯೆಂದು ತಳ್ಳಿಹಾಕದೆ ಮೊದಲು ಆಸ್ಪತ್ರೆಗೆ ಹೋಗಿರಿ. ಮಾತಿನ ಚಿಕಿತ್ಸೆ ನಡೆದಿದೆಯೆಂದು ಔಷಧ ಬಿಡಬೇಡಿರಿ. ಕನ್ನಡ ಬಲ್ಲ ಮನಶ್ಶಾಸ್ತ್ರಜ್ಞರು ಸಿಗದಿದ್ದರೆ 14416ಕ್ಕೆ ದೂರವಾಣಿ ಮಾಡಿರಿ. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಅದು. ಹಗಲಿರುಳೂ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು.

ನವೆಂಬರ್ ಒಂದರಂದು ನಾವು ಬಾವುಟ ಏರಿಸಿ ಕನ್ನಡವನ್ನು ಕೊಂಡಾಡುತ್ತೇವೆ, ಸಂತೋಷ. ಆದರೆ ಕಾಯಿಲೆಯ ಮನುಷ್ಯನು ತನ್ನ ಭಯವನ್ನು ತನ್ನ ನುಡಿಯಲ್ಲಿ ಹೇಳಿಕೊಳ್ಳುವಾಗ ಕೇಳುವ ಒಂದು ಕಿವಿ ನಮ್ಮಲ್ಲಿ ಇರಬೇಕು. ಸಂಘದ ಸದಸ್ಯರೊಬ್ಬರು ನಮ್ಮ ಮನೆಗೆ ಅಂಥ ಕಿವಿಯನ್ನು ಹುಡುಕಿ ಕೊಟ್ಟರು. ಆ ಋಣದ ಒಂದು ಸಣ್ಣ ಕಂತನ್ನು ಇಂದು ತೀರಿಸಿದ್ದೇನೆ.