ಕಾಣದ ವಟ್ಟ: ಡಿಜಿಟಲ್ ಬ್ಯಾಂಕುಗಳ ಕಾಲದಲ್ಲಿ ಹಣದ ವಿನಿಮಯ

(ಇಂಗ್ಲೆಂಡಿನ ನಮ್ಮ ಕೂಟದ ಯುಗಾದಿ ಸಮಾರಂಭದಲ್ಲಿ ಅತಿಥಿ ಉಪನ್ಯಾಸಕರು ಮಾಡಿದ ಭಾಷಣದ ಪಾಠ. ಉಪನ್ಯಾಸಕರು ಕರಾವಳಿಯ ಬ್ಯಾಂಕೊಂದರ ವಿದೇಶೀ ವಿನಿಮಯ ವಿಭಾಗದಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದವರು. – ಸಂ.)



ಮಗನ ಮನೆಗೆಂದು ಈ ದೇಶಕ್ಕೆ ಬಂದ ನನ್ನನ್ನು ಕರೆದು, ಬೇವುಬೆಲ್ಲ ಕೊಟ್ಟು, ನಾಲ್ಕು ಮಾತನಾಡಲು ಹೇಳಿದ ತಮ್ಮ ವಿಶ್ವಾಸಕ್ಕೆ ನಾನು ಋಣಿ. ಹಬ್ಬದ ದಿನ ಕಾವ್ಯದ ಮಾತು ಹೆಚ್ಚು ಒಪ್ಪುತ್ತಿತ್ತೇನೋ. ಆದರೆ ಬಾಳೆಲ್ಲ ಲೆಕ್ಕದ ಪುಸ್ತಕ ಹಿಡಿದವನಿಗೆ ಗೊತ್ತಿರುವುದು ಲೆಕ್ಕದ ಮಾತು. ಇಂದಿನ ತಟ್ಟೆಯಲ್ಲಿ ಬೇವಿಗೂ ಜಾಗವಿದೆ ಎಂಬ ಧೈರ್ಯದಿಂದ ಆರಂಭಿಸುತ್ತೇನೆ.

ನಮ್ಮ ಭಾಷೆಯಲ್ಲಿ ಎರಡು ಹಳೆಯ ಶಬ್ದಗಳಿವೆ: ಚಿನಿವಾರ ಮತ್ತು ವಟ್ಟ. ಚಿನಿವಾರನೆಂದರೆ ಚಿನ್ನ ಬೆಳ್ಳಿಯ ನಾಣ್ಯಗಳನ್ನು ಪರೀಕ್ಷಿಸಿ ಬದಲಿಸಿ ಕೊಡುತ್ತಿದ್ದವನು. ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ‘ಚಿನಿವಾರ ಪೇಟೆ’ ಎಂಬ ತಲೆಬರಹದಲ್ಲಿ ಅವನ ಹೆಸರು ಉಳಿದುಕೊಂಡಿದೆ. ಒಂದು ನಾಣ್ಯವನ್ನು ಇನ್ನೊಂದಕ್ಕೆ ಬದಲಿಸುವಾಗ ಅವನು ಮುರಿದುಕೊಳ್ಳುತ್ತಿದ್ದ ಪಾಲೇ ವಟ್ಟ. ಅವನ ಕಟ್ಟೆಯ ಮುಂದೆ ನಿಂತವನಿಗೆ ತಾನು ಕೊಟ್ಟದ್ದೂ ಕಾಣುತ್ತಿತ್ತು, ಮರಳಿ ಬಂದದ್ದೂ ಕಾಣುತ್ತಿತ್ತು. ಇಂದು ಕಟ್ಟೆಯೂ ಇಲ್ಲ, ಚಿನಿವಾರನೂ ಇಲ್ಲ. ಅಂಗೈಯಲ್ಲಿ ಒಂದು ಫೋನು ಇದೆ. ವಟ್ಟ ಮಾತ್ರ ಹೋಗಿಲ್ಲ. ಅದು ಶುಲ್ಕದ ಸಾಲನ್ನು ಬಿಟ್ಟು ದರದ ಸಾಲಿಗೆ ಸರಿದು ಕುಳಿತಿದೆ. ನಾನು ಇಂದು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಮೊದಲು ನನ್ನದೇ ಒಂದು ಅನುಭವ. 2023ರ ಏಪ್ರಿಲ್‌ನಲ್ಲಿ ನನ್ನ ಹೆಂಡತಿಯ ಮಂಡಿಯ ಶಸ್ತ್ರಚಿಕಿತ್ಸೆ ನಿಗದಿಯಾಯಿತು. ಆಸ್ಪತ್ರೆಯಲ್ಲಿ 3,00,000 ರೂಪಾಯಿ ಮುಂಗಡ ಕಟ್ಟಬೇಕಿತ್ತು. ಮಗ ಇಲ್ಲಿಂದ 3,000 ಪೌಂಡು ಕಳಿಸಿದ. ಕಳಿಸಿದ ಸಂಸ್ಥೆ ‘ಶುಲ್ಕ ಸೊನ್ನೆ’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಆಗ ಪೌಂಡಿಗೆ ಸುಮಾರು 102 ರೂಪಾಯಿ. 3,06,000 ಬರುತ್ತದೆ, ಆರು ಸಾವಿರ ಔಷಧಿಗೆ ಉಳಿಯುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ಖಾತೆಗೆ ಬಂದದ್ದು 2,96,400. ಆಸ್ಪತ್ರೆಯ ಕೌಂಟರಿನ ಮುಂದೆ, ಗಾಲಿಕುರ್ಚಿಯಲ್ಲಿ ಹೆಂಡತಿಯನ್ನು ಕೂರಿಸಿಕೊಂಡು, 3,600 ರೂಪಾಯಿ ಕಡಿಮೆ ಬಿದ್ದು ನಿಂತೆ. ಪಕ್ಕದ ಮನೆಯವರು ತಂದುಕೊಟ್ಟರು, ಕೆಲಸವೂ ಆಯಿತು. ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಬೇರೊಂದು ಸಂಗತಿ: ವಿನಿಮಯದ ಮೇಜಿನಲ್ಲೇ ತಲೆ ನರೆತ ನನಗೂ ಆ ‘ಸೊನ್ನೆ’ಯ ಒಳಗೇನಿದೆಯೆಂದು ಹೊಳೆಯಲಿಲ್ಲವಲ್ಲ!

ಹಾಗಾದರೆ ಆ 9,600 ರೂಪಾಯಿ ಎಲ್ಲಿ ಹೋಯಿತು?

ಯಾವುದೇ ಎರಡು ನಾಣ್ಯಗಳ ನಡುವೆ ಮಾರುಕಟ್ಟೆಯಲ್ಲಿ ಒಂದು ಕೊಳ್ಳುವ ದರ, ಒಂದು ಮಾರುವ ದರ ಇರುತ್ತವೆ. ಇವೆರಡರ ಮಧ್ಯಬಿಂದುವನ್ನು ನಡುದರ ಎನ್ನೋಣ. ಪತ್ರಿಕೆಯಲ್ಲಿ, ಗೂಗಲ್ಲಿನಲ್ಲಿ ತಾವು ನೋಡುವುದು ಸಾಮಾನ್ಯವಾಗಿ ಇದನ್ನೇ. ಬ್ಯಾಂಕುಗಳು ಪರಸ್ಪರ ಈ ದರದ ಆಸುಪಾಸಿನಲ್ಲಿ ವ್ಯವಹರಿಸುತ್ತವೆ. ಗಿರಾಕಿಗೆ ಕೊಡುವಾಗ ಅದರಲ್ಲಿ ತಮ್ಮ ಪಾಲನ್ನು ಕಳೆದು ಕೊಡುತ್ತವೆ. ಲೆಕ್ಕ ಸುಲಭವಾಗಲೆಂದು ನಡುದರ 100 ರೂಪಾಯಿ ಎಂದಿಟ್ಟುಕೊಳ್ಳಿ. ಒಂದು ಸಂಸ್ಥೆ ‘ಶುಲ್ಕವಿಲ್ಲ’ ಎಂದು ಹೇಳಿ ಪೌಂಡಿಗೆ 97 ರೂಪಾಯಿ ಕೊಡುತ್ತದೆ. ಇನ್ನೊಂದು 6 ಪೌಂಡು ಶುಲ್ಕ ಮುರಿದುಕೊಂಡು, ಉಳಿದದ್ದಕ್ಕೆ ಪೂರ್ಣ 100 ಕೊಡುತ್ತದೆ. 1,000 ಪೌಂಡು ಕಳಿಸಿದರೆ ಮೊದಲನೆಯದರಲ್ಲಿ 97,000 ಸೇರುತ್ತದೆ, ಎರಡನೆಯದರಲ್ಲಿ 99,400. ಶುಲ್ಕವಿಲ್ಲದ್ದೇ 2,400 ರೂಪಾಯಿ ದುಬಾರಿ!

ದರದ ನಂತರ ದಾರಿ. ಹಣ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ನೇರವಾಗಿ ಹಾರುವುದಿಲ್ಲ. 1973ರಲ್ಲಿ ಸ್ಥಾಪನೆಯಾದ ಸ್ವಿಫ್ಟ್ ಜಾಲ ಒಯ್ಯುವುದು ಸಂದೇಶವನ್ನು. ಹಣ ಮಧ್ಯವರ್ತಿ ಬ್ಯಾಂಕುಗಳ ಖಾತೆಗಳ ಮೂಲಕ ಸಾಗುತ್ತದೆ. ದಾರಿಯಲ್ಲಿ ಅವುಗಳೂ ಸುಂಕ ಕೀಳಬಹುದು. ಫಾರ್ಮಿನಲ್ಲಿ ‘ಅವರ್’, ‘ಶಾ’, ‘ಬೆನ್’ ಎಂಬ ಮೂರು ಸಂಕೇತಗಳಿರುವುದು ಇದಕ್ಕಾಗಿಯೇ: ದಾರಿಖರ್ಚೆಲ್ಲ ಕಳಿಸುವವರದು, ಇಬ್ಬರದು, ಅಥವಾ ಪಡೆಯುವವರದು ಎಂದು ಅರ್ಥ. ಕೊನೆಗೆ, ರೂಪಾಯಿಗೆ ಬದಲಿಸುವ ಕೆಲಸವನ್ನು ಭಾರತದ ಬ್ಯಾಂಕೇ ಮಾಡಿದಾಗ ಆ ಸೇವೆಯ ಮೇಲೆ ಶೇ. 18ರ ಜಿ.ಎಸ್.ಟಿ. ಇದೆ. ಗಾಬರಿ ಬೇಡ, ಅದು ಇಡೀ ಮೊತ್ತದ ಮೇಲಲ್ಲ. 1,00,000 ರೂಪಾಯಿವರೆಗೆ ಮೊತ್ತದ ಶೇ. 1ನ್ನು ಸೇವೆಯ ಮೌಲ್ಯವೆಂದು ಹಿಡಿದು ಅದರ ಮೇಲೆ ತೆರಿಗೆ ಹಾಕುತ್ತಾರೆ. ಹೀಗೆ ಲಕ್ಷಕ್ಕೆ 180 ರೂಪಾಯಿ, ಕನಿಷ್ಠ 45. ಲಕ್ಷ ದಾಟಿದ ಮೇಲೆ ಈ ಪ್ರಮಾಣ ಇನ್ನೂ ಇಳಿಯುತ್ತದೆ. ನನ್ನ 9,600ರಲ್ಲಿ ತೆರಿಗೆ, ದಾರಿಖರ್ಚುಗಳ ಪಾಲು ಅಲ್ಪ. ಬಹುಪಾಲು ಹೋದದ್ದು ದರದಲ್ಲಿಯೇ.

ಡಿಜಿಟಲ್ ಬ್ಯಾಂಕುಗಳು ಹೆಸರು ಮಾಡಿದ್ದು ಈ ಕಾಣದ ಪಾಲನ್ನು ಬೆಳಕಿಗೆ ತಂದದ್ದರಿಂದ. 2011ರಲ್ಲಿ ಲಂಡನ್ನಿನಲ್ಲಿ ಟ್ರಾನ್ಸ್‌ಫರ್‌ವೈಸ್ ಆರಂಭಿಸಿದ ತಾವೆಟ್ ಹಿನ್ರಿಕುಸ್ ಮತ್ತು ಕ್ರಿಸ್ಟೊ ಕ್ಯಾರ್ಮನ್ ಇಬ್ಬರೂ ಎಸ್ಟೋನಿಯಾದವರು. ಒಬ್ಬರಿಗೆ ಸಂಬಳ ಬರುತ್ತಿದ್ದುದು ಯೂರೋದಲ್ಲಿ, ಖರ್ಚು ಪೌಂಡಿನಲ್ಲಿ. ಇನ್ನೊಬ್ಬರಿಗೆ ಸಂಬಳ ಪೌಂಡಿನಲ್ಲಿ, ಊರಿನ ಮನೆಸಾಲದ ಕಂತು ಯೂರೋದಲ್ಲಿ. ಅವರು ನಡುದರ ನೋಡಿಕೊಂಡು ಒಬ್ಬರ ಖಾತೆಗೆ ಇನ್ನೊಬ್ಬರು ಹಣ ಹಾಕಿ, ಬ್ಯಾಂಕಿನ ವಟ್ಟವನ್ನೇ ತಪ್ಪಿಸಿದರು. ಆ ಸಂಸ್ಥೆಯೇ 2021ರಿಂದ ವೈಸ್ ಎಂದು ಹೆಸರಾಗಿದೆ. ನಡುದರವನ್ನು ತೋರಿಸಿ, ಶುಲ್ಕವನ್ನು ಬೇರೆಯಾಗಿ ಬರೆಯುವುದು ಅದರ ಪದ್ಧತಿ.

ಇದನ್ನು ಕೇಳಿ ಯಾರಾದರೂ, ‘ನಾವೂ ಹಾಗೆಯೇ ಮಾಡಬಹುದಲ್ಲ? ಇಲ್ಲಿ ನಾನು ನಿಮಗೆ ಪೌಂಡು ಕೊಡುತ್ತೇನೆ, ಊರಿನಲ್ಲಿ ನಿಮ್ಮ ತಮ್ಮ ನನ್ನ ತಂದೆಗೆ ರೂಪಾಯಿ ಕೊಡಲಿ’ ಎಂದುಕೊಂಡರೆ ದಯವಿಟ್ಟು ಆ ಆಲೋಚನೆಯನ್ನು ಇಲ್ಲಿಗೇ ಬಿಡಿ. ಸ್ನೇಹದಲ್ಲಿ ಇದು ಸಹಜವೆಂದು ಕಂಡೀತು. ಆದರೆ ಅಧಿಕೃತ ವ್ಯವಹಾರಸ್ಥರನ್ನು ಬಿಟ್ಟು, ವಿದೇಶದಲ್ಲಿರುವವರ ಪರವಾಗಿ ಭಾರತದಲ್ಲಿ ಹೀಗೆ ಹಣ ಪಡೆಯುವುದನ್ನು 1999ರ ವಿದೇಶೀ ವಿನಿಮಯ ನಿರ್ವಹಣಾ ಕಾಯಿದೆ ನಿಷೇಧಿಸಿದೆ. ಶೇ. 3 ಉಳಿಸಲು ಹೋಗಿ ವೃದ್ಧ ತಂದೆಯನ್ನು ನೋಟೀಸಿಗೆ ಉತ್ತರ ಕೊಡುವಂತೆ ಮಾಡುವುದು ಸಲ್ಲದು.

ಹೊಸ ಸಂಸ್ಥೆಗಳನ್ನು ಹೊಗಳಿದ ಬಾಯಲ್ಲೇ ಎಚ್ಚರಿಕೆಯನ್ನೂ ಹೇಳಬೇಕು. ಇಲ್ಲಿಯ ಹಳೆಯ ಬ್ಯಾಂಕುಗಳ ಅನೇಕ ಕಾರ್ಡುಗಳು ಪರದೇಶದ ಖರ್ಚಿನ ಮೇಲೆ ಶೇ. 3ರ ಆಸುಪಾಸು ಮುರಿದುಕೊಳ್ಳುತ್ತವೆ. ಹಲವು ಡಿಜಿಟಲ್ ಬ್ಯಾಂಕುಗಳು ವೀಸಾ ಅಥವಾ ಮಾಸ್ಟರ್‌ಕಾರ್ಡಿನ ದರವನ್ನೇ ಕೊಟ್ಟು ಮೇಲೇನೂ ತೆಗೆದುಕೊಳ್ಳುವುದಿಲ್ಲ. ಆದರೆ ಷರತ್ತುಗಳಿರುತ್ತವೆ. ವಿದೇಶೀ ವಿನಿಮಯದ ಪೇಟೆ ನ್ಯೂಯಾರ್ಕಿನ ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ಮುಚ್ಚಿರುತ್ತದೆ. ಸೋಮವಾರ ದರ ಎತ್ತ ಹೊರಳೀತೋ ಎಂಬ ಭಯಕ್ಕೆ ಕೆಲವು ಸಂಸ್ಥೆಗಳು ವಾರಾಂತ್ಯದ ವಿನಿಮಯಕ್ಕೆ ಶೇ. 1ರಷ್ಟು ಹೆಚ್ಚು ಹಾಕುತ್ತವೆ. ನಮ್ಮವರಿಗೆ ಬಿಡುವು ಸಿಗುವುದೂ, ಊರಿಗೆ ಹಣ ಕಳಿಸುವ ನೆನಪಾಗುವುದೂ ಶನಿವಾರವೇ! ಇನ್ನು ಕೆಲವು, ತಿಂಗಳಿಗೆ ಇಷ್ಟು ವಿನಿಮಯ, ಎ.ಟಿ.ಎಂ.ನಿಂದ ಇಷ್ಟು ನಗದು ಎಂಬ ಮಿತಿಯವರೆಗೆ ಮಾತ್ರ ಉಚಿತವಾಗಿಟ್ಟು, ಆಮೇಲೆ ಶುಲ್ಕ ಹಾಕುತ್ತವೆ. ಇನ್ನೊಂದು ಮಾತು: ಆ್ಯಪ್ ಇದ್ದ ಮಾತ್ರಕ್ಕೆ ಸಂಸ್ಥೆ ಬ್ಯಾಂಕಾಗುವುದಿಲ್ಲ. ಬ್ರಿಟನ್ನಿನ ಠೇವಣಿ ರಕ್ಷಣಾ ಯೋಜನೆ 2025ರ ಡಿಸೆಂಬರ್‌ನಿಂದ 1,20,000 ಪೌಂಡುಗಳವರೆಗೆ ಅಭಯ ಕೊಡುವುದು ಅನುಮತಿ ಪಡೆದ ಬ್ಯಾಂಕುಗಳ ಠೇವಣಿಗೆ. ಇ-ಹಣದ ಸಂಸ್ಥೆಗಳು ಗಿರಾಕಿಯ ಹಣವನ್ನು ಪ್ರತ್ಯೇಕವಾಗಿ ಕಾಪಾಡಬೇಕೆಂಬ ನಿಯಮವಿದೆ; ಆದರೆ ಅದೂ ಇದೂ ಒಂದೇ ಅಲ್ಲ.

ಈಗ ರಜೆಯಲ್ಲಿ ಊರಿಗೆ ಹೋದಾಗಿನ ಮಾತು. ಚಿಕ್ಕಪೇಟೆಯಲ್ಲಿ 20,000 ರೂಪಾಯಿಯ ರೇಷ್ಮೆ ಸೀರೆ ಆರಿಸಿ ಇಲ್ಲಿಯ ಕಾರ್ಡು ಕೊಡುತ್ತೀರಿ. ಯಂತ್ರ ಬಲು ವಿನಯದಿಂದ ಕೇಳಬಹುದು: ‘ರೂಪಾಯಿಯಲ್ಲಿ ಪಾವತಿಸುವಿರೋ, ಪೌಂಡಿನಲ್ಲೋ?’ ಪರಿಚಿತ ನಾಣ್ಯ ಕಂಡ ಸಂತೋಷಕ್ಕೆ ಪೌಂಡನ್ನು ಒತ್ತಿದಿರೋ, ದರವನ್ನು ನಿಮ್ಮ ಬ್ಯಾಂಕು ನಿರ್ಧರಿಸುವುದಿಲ್ಲ. ಆ ಯಂತ್ರದ ಹಿಂದಿರುವ ಸಂಸ್ಥೆ ನಿರ್ಧರಿಸುತ್ತದೆ. ಶೇ. 5 ಸೇರಿಸಿದರೆ ಸೀರೆಗೆ ಸಾವಿರ ರೂಪಾಯಿ ಹೆಚ್ಚು ತೆತ್ತಂತಾಯಿತು. ನಿಮ್ಮ ಡಿಜಿಟಲ್ ಬ್ಯಾಂಕಿನ ಒಳ್ಳೆಯ ದರ ಜೇಬಿನಲ್ಲೇ ಉಳಿಯಿತು. ಪ್ಯಾರಿಸ್ಸಿನಲ್ಲಿ ಯೂರೋ, ಬೆಂಗಳೂರಿನಲ್ಲಿ ರೂಪಾಯಿ: ನಿಂತ ನೆಲದ ನಾಣ್ಯವನ್ನೇ ಆರಿಸಬೇಕೆಂಬುದು ಮರೆಯಬಾರದ ಸೂತ್ರ. ಎ.ಟಿ.ಎಂ.ನಲ್ಲಿಯೂ ಹಾಗೆಯೇ. ಇನ್ನೂ ಸರಳವಾದ ದಾರಿಯೊಂದು 2023ರಲ್ಲಿ ತೆರೆಯಿತು. ಬ್ರಿಟನ್ ಸೇರಿದಂತೆ 10 ದೇಶಗಳ ಮೊಬೈಲ್ ಸಂಖ್ಯೆಯಿಂದಲೇ, ತಮ್ಮ ಎನ್.ಆರ್.ಇ. ಅಥವಾ ಎನ್.ಆರ್.ಓ. ಖಾತೆಗೆ ಯು.ಪಿ.ಐ. ಜೋಡಿಸಿಕೊಳ್ಳಲು ಅನಿವಾಸಿಗಳಿಗೆ ಅವಕಾಶವಾಯಿತು. ತಮ್ಮ ಬ್ಯಾಂಕು ಆ ವ್ಯವಸ್ಥೆಯಲ್ಲಿದ್ದರೆ, ಒಳ್ಳೆಯ ದರದ ದಿನ ಮೊದಲೇ ಹಣ ಕಳಿಸಿಟ್ಟು, ಅಲ್ಲಿ ಎಳನೀರಿನವನಿಗೂ ರೂಪಾಯಿಯಲ್ಲೇ ಪಾವತಿ ಮಾಡಬಹುದು.

ಇಷ್ಟು ಸಣ್ಣ ಮೊತ್ತಕ್ಕೆ ಇಷ್ಟೊಂದು ಮಾತೇಕೆ ಎಂದು ತಾವು ಕೇಳಬಹುದು. ನಮ್ಮ ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಸಂಗ್ರಹಿಸಿದ ಯೋಜನೆ ಅದು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಹನಿಗೂಡಿದರೆ ಹಳ್ಳವೆಂಬ ಅದರ ಪಾಠ ನಮ್ಮ ಕರಾವಳಿಯಲ್ಲಿ ಮನೆಮನೆಯ ಮಾತು. ಹನಿ ಸೋರಿದರೂ ಅದೇ ಲೆಕ್ಕ. ತಿಂಗಳಿಗೆ 500 ಪೌಂಡು ತಾಯಿಗೆ ಕಳಿಸುವ ಮಗಳು ಪ್ರತಿ ಸಲ ಶೇ. 3 ಕಳೆದುಕೊಂಡರೆ ವರ್ಷಕ್ಕೆ 180 ಪೌಂಡು. ಇಪ್ಪತ್ತು ವರ್ಷಕ್ಕೆ 3,600. ಇಂಥ ಸಣ್ಣ ಮೊತ್ತಗಳಲ್ಲೇ ಬದುಕುವ ಕೋಟ್ಯಂತರ ವಲಸಿಗರಿದ್ದಾರೆಂದೇ ವಿಶ್ವಸಂಸ್ಥೆ, ಹಣ ರವಾನೆಯ ವೆಚ್ಚವನ್ನು 2030ರೊಳಗೆ ಶೇ. 3ಕ್ಕಿಂತ ಕೆಳಗಿಳಿಸುವ ಗುರಿಯಿಟ್ಟುಕೊಂಡಿದೆ.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ನಾನು ಕೌಂಟರಿನ ಆಚೆ ಕುಳಿತಿದ್ದ ಕಾಲದಲ್ಲಿ, ಗಲ್ಫಿನಿಂದ ಮಕ್ಕಳು ಕಳಿಸಿದ ಡ್ರಾಫ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ತಾಯಂದಿರು ಬರುತ್ತಿದ್ದರು. ದರ, ಶುಲ್ಕ, ನಿಯಮ ಯಾವುದನ್ನೂ ಅವರು ವಿಚಾರಿಸುತ್ತಿರಲಿಲ್ಲ. ಅವರದು ಒಂದೇ ಪ್ರಶ್ನೆ: “ಕೈಗೆ ಎಷ್ಟು ಸಿಗ್ತದೆ ಮಾರಾಯ್ರೆ?” ನಾನು ದರಪಟ್ಟಿ ನೋಡಿ ಮೊತ್ತ ಹೇಳುತ್ತಿದ್ದೆ. ಆ ದರದೊಳಗೆ ಬ್ಯಾಂಕಿನ ಪಾಲೆಷ್ಟೆಂದು ಅವರು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಅವರಿಗೆ ಲೆಕ್ಕ ತಿಳಿಯದೆಂದು ಮನಸ್ಸಿನಲ್ಲೇ ಮರುಗುತ್ತಲೂ ಇದ್ದೆ. ಆಸ್ಪತ್ರೆಯ ಆ ಕೌಂಟರಿನ ಮುಂದೆ ನಿಂತಾಗ ನನಗೆ ಅರಿವಾಯಿತು, ಕೇಳಬೇಕಾದ ಪ್ರಶ್ನೆಯನ್ನು ಕೇಳಿದವರು ಅವರೇ. ಶುಲ್ಕ, ದರ, ದಾರಿಖರ್ಚು, ತೆರಿಗೆ ಎಲ್ಲವೂ ಕಳೆದು ಉಳಿಯುವ ಸಂಖ್ಯೆ ಅದೊಂದೇ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ: ಮುಂದಿನ ಸಲ ಹಣ ಕಳಿಸುವ ಮುನ್ನ ಎರಡು ಮೂರು ಸಂಸ್ಥೆಗಳಲ್ಲಿ, ಒಂದೇ ಗಳಿಗೆಯಲ್ಲಿ, ಒಂದೇ ಮೊತ್ತ ಹಾಕಿ ನೋಡಿ. ‘ಶುಲ್ಕ ಸೊನ್ನೆ’ ಎಂಬ ದೊಡ್ಡಕ್ಷರವನ್ನು ಬಿಟ್ಟು, ಊರಿನಲ್ಲಿ ಕೊನೆಗೆ ಎಷ್ಟು ರೂಪಾಯಿ ಸೇರುತ್ತದೆಂಬ ಸಣ್ಣಕ್ಷರದ ಸಾಲನ್ನು ಓದಿ. ಆ ತಾಯಂದಿರ ಪ್ರಶ್ನೆಯನ್ನು ಅವರ ಪರವಾಗಿ ಈಗ ತಾವು ಕೇಳಿ.