ಮಲೆನಾಡಿನ ಏರುದಾರಿಯಲ್ಲಿ ಪಿಕಪ್ ವಾಹನ: ಕ್ಲಚ್ ಮತ್ತು ಗೇರ್‌ಬಾಕ್ಸ್ ರಕ್ಷಣೆ



ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳಲ್ಲಿ ಹಿಂದೆ ಎತ್ತಿನ ಗಾಡಿ ಮಾಡುತ್ತಿದ್ದ ಕೆಲಸವನ್ನು ಇಂದು ಬಹುಮಟ್ಟಿಗೆ ಪಿಕಪ್ ವಾಹನ ಮಾಡುತ್ತಿದೆ. ಹಾನುಬಾಳು, ಹೆತ್ತೂರು, ಯಸಳೂರು ಕಡೆಯ ಕಾಫಿ, ಮೆಣಸು, ಏಲಕ್ಕಿ. ಆಲೂರು, ಪಾಳ್ಯ, ಕೆಂಚಮ್ಮನ ಹೊಸಕೋಟೆ ಕಡೆಯ ಶುಂಠಿ, ಭತ್ತ, ಮುಸುಕಿನ ಜೋಳ, ಇವೆಲ್ಲ ಕಣಕ್ಕೂ ಪೇಟೆಗೂ ಹೋಗುವುದು ಈ ವಾಹನದಲ್ಲಿಯೇ. ಎತ್ತು ಕುಂಟಿದರೆ ರೈತ ಕೂಡಲೇ ನೊಗ ಇಳಿಸುತ್ತಿದ್ದ. ಆದರೆ ಗೇರ್‌ಬಾಕ್ಸ್ ನರಳಿದರೆ, ಈ ಕೊಯ್ಲು ಒಂದು ಮುಗಿಯಲಿ ಎಂದು ಮುಂದೂಡುವವರೇ ಹೆಚ್ಚು.

ಈ ಮುಂದೂಡಿಕೆ ದುಬಾರಿಯಾಗುತ್ತದೆ. ಕೊಯ್ದ ಕಾಫಿ ಹಣ್ಣನ್ನು ಅದೇ ದಿನ ಪಲ್ಪರ್‌ಗೆ ಹಾಕಬೇಕು. ವಾಹನ ಏರಿನಲ್ಲಿ ಕೆಟ್ಟು ನಿಂತರೆ ಚೀಲದಲ್ಲಿದ್ದ ಹಣ್ಣು ರಾತ್ರಿಯೊಳಗೆ ಬಿಸಿಯೇರಿ ಹುಳಿಯುತ್ತದೆ, ಕಾಫಿಯ ಗುಣ ಕೆಡುತ್ತದೆ. ರಿಪೇರಿಯ ಖರ್ಚಿನ ಜೊತೆಗೆ ಬೆಳೆಯ ಬೆಲೆಯೂ ಹೋಗುತ್ತದೆ.

ಏರಿನ ಲೆಕ್ಕ

ಎಂಜಿನ್ನಿನ ಶಕ್ತಿ ಮೊದಲು ಕ್ಲಚ್‌ಗೆ, ಅಲ್ಲಿಂದ ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್ ಮೂಲಕ ಹಿಂದಿನ ಚಕ್ರಗಳನ್ನು ತಲುಪುತ್ತದೆ. ಸಪಾಟಾದ ಡಾಂಬರು ರಸ್ತೆಯಲ್ಲಿ ಹೊರೆ ಸೇರಿ 3000 ಕೆ.ಜಿ. ತೂಗುವ ವಾಹನವನ್ನು ನಿಧಾನವಾಗಿ ಉರುಳಿಸಲು ಸುಮಾರು 50ರಿಂದ 60 ಕೆ.ಜಿ. ಎಳೆತ ಸಾಕು. ಎಂಟು ಅಡಿಗೆ ಒಂದು ಅಡಿ ಏರುವ ತೋಟದ ದಾರಿಯಲ್ಲಾದರೆ ಇದರ ಮೇಲೆ ಇನ್ನೂ ಸುಮಾರು 375 ಕೆ.ಜಿ. ಎಳೆತ ಬೇಕು. ಎಂದರೆ ಇಡೀ ಎಳೆತ ಏಳೆಂಟು ಪಟ್ಟಾಗುತ್ತದೆ. ಅನುಮತಿಗಿಂತ 500 ಕೆ.ಜಿ. ಹೆಚ್ಚು ಹೇರಿದರೆ ಮತ್ತೆ 60 ಕೆ.ಜಿ.ಗೂ ಮೀರಿ ಎಳೆತ ಕೂಡುತ್ತದೆ. ಈ ಭಾರವೆಲ್ಲ ಮೊದಲು ಬೀಳುವುದು ಕ್ಲಚ್ ಪ್ಲೇಟಿನ ಮೇಲೆ.

ಒಣ ಚೆರಿ ಹೇರಿ ಅಭ್ಯಾಸವಾದ ಕಣ್ಣು ಹಸಿ ಹಣ್ಣಿನ ತೂಕ ಅಂದಾಜಿಸುವಾಗ ತಪ್ಪುತ್ತದೆ. ಮಣ್ಣು ಮೆತ್ತಿದ ಶುಂಠಿಯ ಮಾತೂ ಇದೇ. ಆರ್.ಸಿ. ಪುಸ್ತಕದಲ್ಲಿ ನಮೂದಿಸಿದ ಒಟ್ಟು ತೂಕದಲ್ಲಿ ಖಾಲಿ ವಾಹನದ ತೂಕ ಕಳೆದರೆ ಉಳಿಯುವುದೇ ಹೇರಬಹುದಾದ ಹೊರೆ. ಆಳುಗಳು ಹತ್ತಿದರೆ ಅವರ ತೂಕವೂ ಅದರಲ್ಲೇ ಸೇರಬೇಕು.

ಕ್ಲಚ್ ಜಾರುವುದು

ಎಂಜಿನ್ ಜೋರಾಗಿ ಕೂಗುತ್ತದೆ, ವಾಹನ ಮಾತ್ರ ಮುಂದೆ ಸಾಗುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಇದು ಕ್ಲಚ್ ಜಾರುತ್ತಿರುವ ಲಕ್ಷಣ. ಏರಿನಲ್ಲಿ ಬ್ರೇಕ್ ಹಿಡಿಯುವ ಬದಲು ಅರ್ಧ ಕ್ಲಚ್‌ನಲ್ಲಿ ವಾಹನ ನಿಲ್ಲಿಸಿಕೊಳ್ಳುವುದು, ಓಡಿಸುವಾಗ ಸದಾ ಪೆಡಲ್ ಮೇಲೆ ಕಾಲಿಡುವುದು, ಸೀಲ್ ಸೋರಿ ಪ್ಲೇಟಿಗೆ ಎಣ್ಣೆ ತಾಗುವುದು ಇದಕ್ಕೆ ಮುಖ್ಯ ಕಾರಣಗಳು. ಏರಿನಲ್ಲಿ ನಿಲ್ಲಬೇಕಾದಾಗ ಹ್ಯಾಂಡ್ ಬ್ರೇಕ್ ಹಾಕಿ, ಹೊರಡುವಾಗ ಒಂದನೇ ಗೇರಿನಲ್ಲಿ ಕ್ಲಚ್ ಹಿಡಿದ ಮೇಲೆಯೇ ಬ್ರೇಕ್ ಬಿಡತಕ್ಕದ್ದು.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಬಿಗಿದು, ಚಕ್ರಗಳಿಗೆ ಕಲ್ಲು ಕೊಟ್ಟು, ವಾಹನದ ಹಿಂದೆ ಮುಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಮೂರನೇ ಗೇರ್ ಹಾಕಿ ಕ್ಲಚ್ ನಿಧಾನವಾಗಿ ಬಿಡಬೇಕು. ಎಂಜಿನ್ ನಿಂತುಹೋದರೆ ಕ್ಲಚ್ ಹಿಡಿಯುತ್ತಿದೆ ಎಂದರ್ಥ. ನಿಲ್ಲದೆ ತಿರುಗುತ್ತಿದ್ದರೆ ಜಾರುತ್ತಿದೆ. ಪ್ಲೇಟ್ ಕಾಯುವುದರಿಂದ ಈ ಪರೀಕ್ಷೆಯನ್ನು ಪದೇ ಪದೇ ಮಾಡಬಾರದು.

ಗೇರ್ ಬೀಳದಿರುವುದು, ಹಾರುವುದು

ಗೇರ್ ಹಾಕುವಾಗ, ಅದರಲ್ಲೂ ರಿವರ್ಸ್‌ಗೆ, 'ಕರ್ರ್' ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಮೊದಲು ಕ್ಲಚ್ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮಟ್ಟ ನೋಡಬೇಕು. ಅದು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಬರೀ ತುಂಬಿಸಿದರೆ ಸಾಲದು, ಸೋರಿಕೆ ನಿಲ್ಲಿಸಿ ಗಾಳಿ ತೆಗೆಸಬೇಕು. ಓಡುವಾಗ ಗೇರ್ ತಾನಾಗಿ ನ್ಯೂಟ್ರಲ್‌ಗೆ ಬಂದರೆ ಒಳಗಿನ ಹಲ್ಲು, ಸ್ಪ್ರಿಂಗ್ ಅಥವಾ ಗೇರ್ ಲಿವರಿನ ಬುಷ್ ಸವೆದಿರಬಹುದು. ಅಂಥ ವಾಹನದಲ್ಲಿ ಘಾಟಿ ಇಳಿಯಬಾರದು.

ಶಬ್ದವೂ ದೋಷ ಹೇಳುತ್ತದೆ. ನಿಂತ ವಾಹನದಲ್ಲಿ ಎಂಜಿನ್ ನಡೆಯುವಾಗ ಕ್ಲಚ್ ತುಳಿದರೆ ಮಾತ್ರ ಶಬ್ದ ಬಂದಲ್ಲಿ ರಿಲೀಸ್ ಬೇರಿಂಗ್, ತುಳಿದಾಗ ಶಬ್ದ ನಿಂತಲ್ಲಿ ಗೇರ್‌ಬಾಕ್ಸಿನ ಬೇರಿಂಗ್ ಸವೆದಿರುವ ಸಂಭವ ಹೆಚ್ಚು. ಹೊರಡುವಾಗ ತಳದಲ್ಲಿ 'ಟಕ್' ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಮತ್ತು ಬೋಲ್ಟುಗಳನ್ನು ನೋಡಿಸಬೇಕು.

ಎಣ್ಣೆ ಮತ್ತು ಮಳೆನೀರು

ಹಳ್ಳ ದಾಟುವುದು ಮಳೆಗಾಲದಲ್ಲಿ ಇಲ್ಲಿ ನಿತ್ಯದ ಮಾತು. ಏರು ಹತ್ತಿ ಕಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲ್ ಮತ್ತು ಗಾಳಿತೂತಿನ ಮೂಲಕ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನೀರು ಬೆರೆತ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಅದು ಹಲ್ಲುಗಳನ್ನು ಕಾಪಾಡುವುದಿಲ್ಲ, ಬೇರಿಂಗ್ ತುಕ್ಕು ಹಿಡಿಯುತ್ತದೆ. ಅಂಥ ಎಣ್ಣೆ ಕಂಡ ದಿನವೇ ಬದಲಾಯಿಸತಕ್ಕದ್ದು. ಗೇರ್‌ಬಾಕ್ಸಿಗೂ ಡಿಫರೆನ್ಷಿಯಲ್‌ಗೂ ಅನೇಕ ವಾಹನಗಳಲ್ಲಿ ಬೇರೆ ಬೇರೆ ಎಣ್ಣೆ ಬೇಕು. ವಾಹನದ ಕೈಪಿಡಿಯಲ್ಲಿ ಹೇಳಿದ ದರ್ಜೆಯನ್ನೇ ಹಾಕಿಸಬೇಕು. ಕೆಲವು ಡಿಫರೆನ್ಷಿಯಲ್ ಎಣ್ಣೆಗಳು ಗೇರ್‌ಬಾಕ್ಸಿನ ಹಿತ್ತಾಳೆ ಭಾಗಗಳನ್ನು ತಿನ್ನುತ್ತವೆ.

ನಾಲ್ಕು ಚಕ್ರದ ಎಳೆತವಿರುವ ಜೀಪು, ಪಿಕಪ್‌ಗಳಲ್ಲಿ ಅದನ್ನು ಕೆಸರು, ಸಡಿಲ ಮಣ್ಣಿನಲ್ಲಿ ಮಾತ್ರ ಬಳಸಬೇಕು. ಒಣ ಡಾಂಬರಿಗೆ ಬಂದೊಡನೆ ಎರಡು ಚಕ್ರಕ್ಕೆ ಬದಲಿಸದಿದ್ದರೆ, ತಿರುವುಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಉರುಳುವುದರಿಂದ ಶಾಫ್ಟುಗಳು ತಿರುಚಿಕೊಂಡು ಹಲ್ಲು ಮುರಿಯಬಹುದು.

ಘಾಟಿ ಇಳಿಯುವಾಗ

ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಸಕಲೇಶಪುರದಿಂದ ಕರಾವಳಿಗೆ ಇಳಿಯುವ ಶಿರಾಡಿ ಘಾಟಿ, ಬಿಸಿಲೆ ಘಾಟಿಗಳಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವ ಅಭ್ಯಾಸ ಪ್ರಾಣಾಪಾಯದ್ದು. ಆಗ ಎಂಜಿನ್ನಿನ ಹಿಡಿತ ತಪ್ಪಿ ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಕಾದ ಬ್ರೇಕ್ ಹಿಡಿಯುವುದಿಲ್ಲ. ಎಂಜಿನ್ ನಿಲ್ಲಿಸಿದರಂತೂ ಬ್ರೇಕಿಗೆ ಸಿಗುವ ನೆರವೂ ಕೆಲವೇ ತುಳಿತಗಳಲ್ಲಿ ತೀರಿಹೋಗುತ್ತದೆ. ಯಾವ ಗೇರಿನಲ್ಲಿ ಏರು ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಇಳಿಯಲು ಶುರುಮಾಡುವ ಮೊದಲೇ ಆ ಗೇರ್ ಹಾಕಿರಬೇಕು.

ವರ್ಷದ ಪಾಲನೆ

ಮೇ ತಿಂಗಳಲ್ಲಿ, ಮಳೆಗೆ ಮುನ್ನ, ಸೀಲು, ಗಾಳಿತೂತು ಮತ್ತು ರಬ್ಬರ್ ಹೊದಿಕೆಗಳನ್ನು ನೋಡಿಸಬೇಕು. ಅಕ್ಟೋಬರಿನಲ್ಲಿ, ಕಾಫಿ ಕೊಯ್ಲಿಗೆ ಮುನ್ನ, ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಎಣ್ಣೆಗೆ ನೀರು ಬೆರೆತಿದೆಯೇ ಎಂದು ಪರೀಕ್ಷಿಸಿ, ಕ್ರಾಸ್‌ಗಳಿಗೆ ಗ್ರೀಸ್ ಹೊಡೆಸಿ, ಕ್ಲಚ್ ಪರೀಕ್ಷೆ ಮಾಡಬೇಕು. ವಾಹನ ನಿಂತ ಜಾಗದಲ್ಲಿ ಎಣ್ಣೆಯ ಕಲೆ ಬಿದ್ದಿದೆಯೇ ಎಂದು ಬೆಳಿಗ್ಗೆ ಒಮ್ಮೆ ಬಗ್ಗಿ ನೋಡುವುದಕ್ಕೆ ಖರ್ಚೇನೂ ಇಲ್ಲ.

ಸೋರುವ ಸೀಲನ್ನು ಅಕ್ಟೋಬರಿನಲ್ಲಿ ಬದಲಾಯಿಸಿದರೆ ಒಂದು ದಿನದ ಕೆಲಸ. ಅದನ್ನೇ ಜನವರಿಯವರೆಗೆ ಬಿಟ್ಟರೆ, ಕಣದಲ್ಲಿ ಪಲ್ಪರ್ ಕಾಯುತ್ತಿರುವಾಗ ಹಣ್ಣಿನ ಚೀಲಗಳು ನಡುದಾರಿಯಲ್ಲಿ ಉಳಿಯುತ್ತವೆ. ಆದ್ದರಿಂದ ಕೊಯ್ಲಿಗೆ ಆಳುಗಳನ್ನು ಗೊತ್ತುಮಾಡುವ ಮೊದಲೇ ರೈತರು ವಾಹನವನ್ನು ಸಿದ್ಧಗೊಳಿಸಿಕೊಳ್ಳುವುದು ಲೇಸು.