ಪೂರ್ವಾಶ್ರಯ ಕೇಳದ ಮನೆ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಒಬ್ಬ ತಾಯಿ ಆಡಿದ ಮಾತುಗಳ ಬರಹರೂಪ)

 

ನಾನು ಭಾಷಣಕಾರಳಲ್ಲ. ಹನ್ನೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ, ಆಮೇಲೆ ಕೆಲಸ ಬಿಟ್ಟು ಮನೆಯಲ್ಲೇ ಕಲಿಸುತ್ತಿರುವವಳು. ನಮಗೆ ಐದು ಮಕ್ಕಳು. ಇಬ್ಬರು ನನ್ನ ಹೊಟ್ಟೆಯಲ್ಲಿ ಹುಟ್ಟಿದವರು, ಮೂವರು ದತ್ತು ಬಂದವರು. "ನಿಮ್ಮ ಮನೆಯ ದಿನಚರಿಯನ್ನೇ ಹೇಳಿ, ಸಾಕು" ಎಂದು ಪೂಜ್ಯರು ಅಪ್ಪಣೆ ಮಾಡಿದರು. ಅದನ್ನೇ ಹೇಳುತ್ತೇನೆ.

ಮೊದಲ ಇಬ್ಬರು ಹುಟ್ಟಿದ ಮೇಲೆ, ಆರು ವರ್ಷದ ಹಿಂದೆ, ಒಬ್ಬ ಅಣ್ಣ ಮತ್ತು ಅವನ ತಂಗಿ ಒಟ್ಟಿಗೇ ನಮ್ಮ ಮನೆಗೆ ಬಂದರು. ಅವನಿಗೆ ಎಂಟು ವರ್ಷ, ಅವಳಿಗೆ ಐದು. ಅದಾದ ಮೂರು ವರ್ಷಕ್ಕೆ ಕಿವಿ ಸರಿಯಾಗಿ ಕೇಳಿಸದ ಮೂರು ವರ್ಷದ ಪುಟ್ಟಿ ಬಂದಳು. ನಮ್ಮ ಅತ್ತೆಯವರನ್ನೂ ಸೇರಿಸಿ ಮನೆಯಲ್ಲಿ ಎಂಟು ಜನ. ದಿನಕ್ಕೆ ನಲವತ್ತು ರೊಟ್ಟಿ.

ಬೆಳಿಗ್ಗೆ ಐದೂವರೆಗೆ ಮನೆ ಏಳುತ್ತದೆ. ಸ್ನಾನ, ಇಷ್ಟಲಿಂಗ ಪೂಜೆ. ಪುಟ್ಟಿಯ ಕಿವಿಯ ಯಂತ್ರಕ್ಕೆ ಬ್ಯಾಟರಿ ಹಾಕುವುದು ಅವಳ ಅಣ್ಣನ ಕಾಯಕ. ದೊಡ್ಡ ಮಗ ಹಿಟ್ಟು ನಾದುತ್ತಾನೆ, ನಾನು ಬಡಿಯುತ್ತೇನೆ, ಅತ್ತೆಯವರು ಬೇಯಿಸುತ್ತಾರೆ. ಒಂಬತ್ತರಿಂದ ಹನ್ನೆರಡರವರೆಗೆ ಓದು, ಬರಹ, ಲೆಕ್ಕ. ಮಧ್ಯಾಹ್ನ ಹೊಲದ ಕೆಲಸವೋ ಎಮ್ಮೆಯ ಕೆಲಸವೋ ಇರುತ್ತದೆ. ಹಾಲಿನ ಲೆಕ್ಕ ಬರೆಯುವವಳು ಚಿಕ್ಕ ಮಗಳು. ಅವಳು ಭಾಗಾಕಾರ ಕಲಿತದ್ದು ಆ ಪುಸ್ತಕದಲ್ಲೇ. ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರೂ ಅರ್ಧ ಗಂಟೆ ಕೂಡುತ್ತೇವೆ. ಒಂದು ವಚನ ಹೇಳುತ್ತೇವೆ. ಆಮೇಲೆ ಒಬ್ಬೊಬ್ಬರೂ ಆ ದಿನದ್ದನ್ನು ಹೇಳಬೇಕು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಆ ನಿಯಮ ನನಗೂ ಅನ್ವಯಿಸುತ್ತದೆ.

ಇಷ್ಟು ಕೇಳಿದರೆ ಚಂದ ಅನಿಸುತ್ತದೆ. ಆದರೆ ಮೊದಲ ವರ್ಷ ಹೀಗಿರಲಿಲ್ಲ.

ಅವನು ಬಂದ ಎರಡನೆಯ ವಾರ ಹಾಸಿಗೆ ಕೊಡವುವಾಗ ತಲೆದಿಂಬಿನ ಕೆಳಗೆ ನಾಲ್ಕು ರೊಟ್ಟಿ ಸಿಕ್ಕವು. ಮರುದಿನ ಮತ್ತೆ ಮೂರು. ನಾನು ಗದರಿಸಲು ಹೋದೆ. ಅತ್ತೆಯವರು ನನ್ನನ್ನು ತಡೆದರು. ಒಂದು ಬುಟ್ಟಿ ತಂದು ಖಡಕ್ ರೊಟ್ಟಿ ತುಂಬಿ, ಅವನ ಕೈಗೆ ಎಟಕುವ ಹಾಗೆ ಗೂಟಕ್ಕೆ ತೂಗುಹಾಕಿದರು. "ಇದು ಯಾವತ್ತೂ ಖಾಲಿ ಆಗೂದಿಲ್ಲಪ್ಪ, ನಡುರಾತ್ರಿ ಬೇಕಾದ್ರೂ ತಗೋ" ಅಂದರು. ನಾಲ್ಕು ತಿಂಗಳಾದ ಮೇಲೆ ದಿಂಬಿನ ಕೆಳಗಿನ ರೊಟ್ಟಿ ನಿಂತಿತು. ಬುಟ್ಟಿ ಇವತ್ತಿಗೂ ಅಲ್ಲೇ ಇದೆ. ದಾಸೋಹದ ಬಗ್ಗೆ ಎಷ್ಟೋ ಉಪನ್ಯಾಸ ಕೇಳಿದ್ದೆ. ಬೇಡುವವನು ಕೈ ಚಾಚುವ ಮೊದಲೇ ಅನ್ನ ಅಲ್ಲಿರಬೇಕು ಎಂಬ ಅದರ ಅರ್ಥ ತಿಳಿದದ್ದು ಆ ಬುಟ್ಟಿಯಿಂದ.

ಇನ್ನು ಶಾಲೆ ಬಿಡಿಸಿದ ಮಾತು. ಇಲ್ಲಿ ಅನೇಕರಿಗೆ ಅದು ಒಪ್ಪಿಗೆಯಾಗಿಲ್ಲ, ಗೊತ್ತು. "ನಮ್ಮ ಮಠಗಳು ಊರೂರಿಗೆ ಶಾಲೆ ಕಟ್ಟಿದವು, ಪ್ರಸಾದ ನಿಲಯ ನಡೆಸಿದವು. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಜಾತಿ ಮತ ನೋಡದೆ ಸಾವಿರ ಸಾವಿರ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟರು. ನೀವು ಮಕ್ಕಳನ್ನು ಶಾಲೆಯಿಂದ ಮನೆಗೆ ಕರೆತಂದಿರಾ?" ಎಂದು ಹಿರಿಯರೊಬ್ಬರು ನೇರವಾಗಿ ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದು.

ನಡೆದದ್ದು ಇಷ್ಟು. ಎಂಟು ವರ್ಷದ ಹುಡುಗನಿಗೆ ಅಕ್ಷರ ಬರುತ್ತಿರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಹಿಂದುಳಿದ ಮಗುವಿಗೆ ವಿಶೇಷ ತರಬೇತಿಯನ್ನೂ ಕೊಡಬೇಕು. ಕಾನೂನು ಒಳ್ಳೆಯದೇ. ಆದರೆ ತರಗತಿ ತುಂಬ ಮಕ್ಕಳಿರುವಾಗ ಒಬ್ಬ ಶಿಕ್ಷಕರು ಇವನೊಬ್ಬನನ್ನೇ ಹಿಡಿದು ಕೂರಲು ಹೇಗೆ ಸಾಧ್ಯ? ನಾನೂ ಅದೇ ಕೆಲಸ ಮಾಡಿದವಳು, ಆ ಕಷ್ಟ ಬಲ್ಲೆ. ಪಕ್ಕದ ಹುಡುಗರು ನಕ್ಕರು, ಇವನು ಹೊಡೆದ. ಎರಡು ತಿಂಗಳಲ್ಲಿ ಶಾಲೆಯ ಹೆಸರೆತ್ತಿದರೆ ಹೊಟ್ಟೆನೋವು ಬರತೊಡಗಿತು. ಇವನಿಗೆ ಮೊದಲು ಬೇಕಾದದ್ದು ಅಕ್ಷರವಲ್ಲ, ಮನೆ ಎಂದು ನನಗೂ ನಮ್ಮ ಯಜಮಾನರಿಗೂ ಅನಿಸಿತು. ಒಂದು ವರ್ಷ ಅಂತ ಮನೆಗೆ ಕರೆತಂದೆವು. ಅವನನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಮನೆಯಲ್ಲೇ ಕಲಿಯುತ್ತೇವೆ ಅಂದರು.

ಇದು ನಮ್ಮ ಪರಂಪರೆಗೆ ಹೊಸದೇನೂ ಅಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಮಕ್ಕಳನ್ನು ಜೊತೆಗಿಟ್ಟುಕೊಂಡು ಸಂಗೀತ ಕಲಿಸಿದರು. ಹಾಗೆ ಅವರ ಮಡಿಲಿಗೆ ಬಂದ ಒಬ್ಬ ಬಾಲಕನೇ ಮುಂದೆ ಪುಟ್ಟರಾಜ ಗವಾಯಿಗಳಾದರು. ಉಣ್ಣುವ ಪಂಕ್ತಿ, ಮಲಗುವ ಜಾಗ, ಕಲಿಯುವ ಜಾಗ ಎಲ್ಲ ಒಂದೇ. ಅಲ್ಲಿ ಮನೆಯೇ ಶಾಲೆ.

ಹಾಗಂತ ನಮ್ಮ ಮನೆಪಾಠ ಎಲ್ಲದಕ್ಕೂ ಮದ್ದು ಎಂದು ನಾನು ಹೇಳುವುದಿಲ್ಲ. ವಿಜ್ಞಾನದ ಪ್ರಯೋಗ ನಮ್ಮಲ್ಲಿ ಸೋತಿತು. ಹಿರಿಯ ಮಗಳು ಒಂದು ಸಂಜೆ ಎಲ್ಲರ ಎದುರು ಹೇಳಿದಳು: "ಅವ್ವಾ, ನೀ ಇಡೀ ದಿನ ಟೀಚರ್ ಆಗಿರ್ತಿ. ಅವ್ವ ಯಾವಾಗ ಆಗ್ತಿ?" ನನ್ನ ಬಳಿ ಉತ್ತರ ಇರಲಿಲ್ಲ. ಅಂದಿನಿಂದ ಮಧ್ಯಾಹ್ನದ ಮೇಲೆ ನಾನು ಪುಸ್ತಕ ಮುಟ್ಟುವುದಿಲ್ಲ. ಅವಳು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಿಂದ ಹತ್ತನೆಯ ತರಗತಿ ಪಾಸಾದಳು. ಅಲ್ಲಿ ವಿಷಯಗಳನ್ನು ಬಿಡಿಬಿಡಿಯಾಗಿ, ಐದು ವರ್ಷದೊಳಗೆ ಒಂಬತ್ತು ಅವಕಾಶಗಳಲ್ಲಿ ಬರೆದು ಮುಗಿಸಬಹುದು. ಈಗ ಅವಳು ಪಿಯುಸಿ ಓದಲು ಕಾಲೇಜಿಗೆ ಹೋಗುತ್ತಾಳೆ. ಯಾವನಿಗಾಗಿ ಶಾಲೆ ಬಿಡಿಸಿದ್ದೆವೋ ಅವನು ಮೂರನೆಯ ವರ್ಷ ತಾನಾಗಿಯೇ "ಕಬಡ್ಡಿ ಆಡೂದದ, ಸಾಲಿಗೆ ಹೋಗ್ತೀನಿ" ಅಂದ. ಈಗ ಸರಕಾರಿ ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿ. ನಾವು ತಡೆಯಲಿಲ್ಲ. ಮಗುವಿಗೆ ಮನೆ ಬೇಕಾದಾಗ ಮನೆ, ಶಾಲೆ ಬೇಕಾದಾಗ ಶಾಲೆ.

ಈಗ ಹೇಳಲೇಬೇಕಾದ ಒಂದು ತಪ್ಪಿನ ಮಾತು. ಒಂದು ದಿನ ಅವನು ಸಿಟ್ಟಿನಲ್ಲಿ ಪುಟ್ಟಿಯ ಕಿವಿಯ ಯಂತ್ರವನ್ನು ನೆಲಕ್ಕೆ ಒಗೆದ. ನನ್ನ ಬಾಯಿಂದ ಬಂದ ಮಾತು: "ಇಷ್ಟೆಲ್ಲ ಮಾಡಿದರೂ ನಿನಗ ಉಪಕಾರ ಸ್ಮರಣೆ ಇಲ್ಲ." ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಿಗೆ ಆ ಮಾತನ್ನು ನಾನು ಒಮ್ಮೆಯೂ ಅಂದಿಲ್ಲ. ಅವನ ಮುಖ ನೋಡಿದೆ, ಬಂದ ಮೊದಲ ದಿನದ ಮುಖ ಮತ್ತೆ ಬಂದಿತ್ತು. ಆ ಸಂಜೆ ದೀಪದ ಮುಂದೆ ಎಲ್ಲರೆದುರು ತಪ್ಪೊಪ್ಪಿಕೊಂಡೆ. ದಾನ ಮಾಡಿದವನಿಗೆ "ನಾನು ಕೊಟ್ಟೆ" ಎಂಬುದು ಉಳಿಯುತ್ತದೆ. ದಾಸೋಹದಲ್ಲಿ ಅದು ಉಳಿಯಬಾರದು ಎಂದು ಶರಣರು ಹೇಳಿದರು. ನಾನು ಅವತ್ತಿನವರೆಗೂ ಆ ಮಕ್ಕಳಿಗೆ ದಾನವನ್ನೇ ಮಾಡುತ್ತಿದ್ದೆ.

ನಮ್ಮಲ್ಲಿ ದತ್ತಕ ಹೊಸತಲ್ಲ. ಕಿತ್ತೂರಿನ ದತ್ತು ಮಗನನ್ನು ಕಂಪನಿ ಸರಕಾರ ಒಪ್ಪದೆ ಹೋದದ್ದಕ್ಕೆ 1824ರಲ್ಲಿ ಚನ್ನಮ್ಮಾಜಿ ಯುದ್ಧಕ್ಕೇ ನಿಂತರು. ತ್ಯಾಗವೀರ ಶಿರಸಂಗಿ ಲಿಂಗರಾಜರು ಶಿಗ್ಲಿಯಲ್ಲಿ ಹುಟ್ಟಿ ಶಿರಸಂಗಿ ದೇಸಗತಿಗೆ ದತ್ತು ಬಂದವರು. ಅವರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟರು. ಆ ಹಣದಲ್ಲಿ ಓದಿದವರ ಮೊಮ್ಮಕ್ಕಳು ಈ ಸಭೆಯಲ್ಲೂ ಇರಬಹುದು. ಆದರೆ ಅಂದಿನ ದತ್ತಕ ಸಂಸ್ಥಾನಕ್ಕಾಗಿ, ವಂಶಕ್ಕಾಗಿ. ಗಂಡುಮಗುವೇ ಬೇಕು, ಭಾವಕಿಯವರದ್ದೇ ಬೇಕು. ಪಿಂಡ, ಶ್ರಾದ್ಧ ಒಪ್ಪದ ಧರ್ಮ ನಮ್ಮದು. ನಮ್ಮ ಸದ್ಗತಿಗೆ ಮಗ ಬೇಕಿಲ್ಲ. ಹಾಗಿದ್ದ ಮೇಲೆ ನಮ್ಮ ಮನೆಗೆ ಬರುವ ಮಗು ನಮಗಾಗಿ ಬರಬೇಕಾಗಿಲ್ಲ, ಅದರ ಸಲುವಾಗಿಯೇ ಬರಬಹುದು. ಹೆಣ್ಣಾಗಿರಬಹುದು, ದೊಡ್ಡದಾಗಿರಬಹುದು, ಕಿವಿ ಕೇಳದ್ದಾಗಿರಬಹುದು.

ಆದರೂ ನಮ್ಮ ಜನ ಮೊದಲು ಕೇಳುವ ಪ್ರಶ್ನೆ ಯಾವುದು? ಒಂದು ಮದುವೆಯ ಪಂಕ್ತಿಯಲ್ಲಿ, ಕೊರಳಲ್ಲಿ ಲಿಂಗವಿದ್ದ ಹಿರಿಯರೊಬ್ಬರು ಇವನ ಎದುರಿಗೇ ಕೇಳಿದರು: "ಹುಡುಗ ಯಾರ ಪೈಕಿ?" ಅವನ ಕೊರಳಲ್ಲೂ ಲಿಂಗವಿತ್ತು. ಐದೂ ಮಕ್ಕಳಿಗೆ ಒಂದೇ ದಿನ ಲಿಂಗದೀಕ್ಷೆ ಆಗಿತ್ತು. ನಮ್ಮ ಪೂಜ್ಯರು ಯಾವ ಮಗುವಿನ ಬಗ್ಗೆಯೂ ಒಂದು ಮಾತು ಕೇಳಿರಲಿಲ್ಲ. ಗುರುವಿನ ಕರಸಂಜಾತನಾದ ಮೇಲೆ ಪೂರ್ವಾಶ್ರಯ ಎತ್ತಬಾರದು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಕೇಳುತ್ತೇವೆ.

ಆ ರಾತ್ರಿ ಅವನು ಕೇಳಿದ: "ಅವ್ವಾ, ನಾ ಯಾರ ಪೈಕಿ?"

ನಾನು ಸುಳ್ಳು ಹೇಳಲಿಲ್ಲ. "ನಿನ್ನ ಹೆತ್ತವರು ಯಾರು ಅಂತ ನನಗ ಗೊತ್ತಿಲ್ಲಪ್ಪ. ನೀನು, ನಿನ್ನ ತಂಗಿ ಎಲ್ಲಿದ್ರಿ, ಹೆಂಗ ಬಂದ್ರಿ ಅನ್ನೂದು ಗೊತ್ತದ, ಅದನ್ನೆಲ್ಲ ಬರೆದಿಟ್ಟೀನಿ. ಹದಿನೆಂಟು ತುಂಬಿದ ಮ್ಯಾಲೆ ಮೂಲ ಹುಡುಕಿಸಬೇಕು ಅನಿಸಿದ್ರ ಅದು ನಿನ್ನ ಹಕ್ಕು. ನಾನೇ ಸಂಗಡ ಬರ್ತೀನಿ" ಅಂದೆ. ಪೂರ್ವಾಶ್ರಯ ಕೇಳಬಾರದು ಎಂಬ ಮಾತು ನಮಗೆ, ಸುತ್ತಲಿನವರಿಗೆ. ಅದನ್ನು ಮಗುವಿನಿಂದ ಮುಚ್ಚಿಡಿ ಎಂದು ಅದರ ಅರ್ಥವಲ್ಲ. ಅವನ ಕಥೆ ಅವನದು. ದತ್ತು ಎಂಬುದನ್ನೇ ಮುಚ್ಚಿಟ್ಟು, ಮದುವೆಯ ವಯಸ್ಸಿನಲ್ಲಿ ಪರರ ಬಾಯಿಂದ ತಿಳಿದು ಕುಸಿದ ಮಕ್ಕಳನ್ನು ನಾನು ಕಂಡಿದ್ದೇನೆ.

"ಹಂಗಾದ್ರ ಕೇಳಿದವರಿಗೆ ಏನ್ ಹೇಳ್ಲಿ?" ಅಂದ. ಮೂಲೆಯಲ್ಲಿ ಮಲಗಿದ್ದ ಅತ್ತೆಯವರು ಕಣ್ಣು ತೆರೆಯದೆಯೇ ಉತ್ತರ ಕೊಟ್ಟರು: "ಬಸವಣ್ಣ ಮಾದಾರ ಚೆನ್ನಯ್ಯನ್ನ ಅಪ್ಪ ಅಂದ್ನಲ್ಲ, ಅವ್ರ ಪೈಕಿ ಅನ್ನು."

ಬಂಧುಗಳೇ, ಅತ್ತೆಯವರು ಶಾಲೆಗೆ ಹೋದವರಲ್ಲ. ಆದರೆ ಅವರ ಮಾತು ನಿಜ. ಮಂತ್ರಿಯಾಗಿದ್ದ ಬಸವಣ್ಣನವರು ಹುಟ್ಟಿದ ಕುಲವನ್ನು ಬಿಟ್ಟು ಚೆನ್ನಯ್ಯನನ್ನು, ಕಕ್ಕಯ್ಯನನ್ನು ತಮ್ಮ ಹಿರಿಯರೆಂದು ಕರೆದುಕೊಂಡರು. ಬಂದವರನ್ನು ಯಾರೆಂದು ಕೇಳದೆ ತಮ್ಮವರೆನ್ನುವ ಅವರ ವಚನವನ್ನು ನಮ್ಮ ಮಕ್ಕಳೆಲ್ಲ ಬಾಯಿಪಾಠ ಮಾಡಿದ್ದಾರೆ. ಆ ವಚನದ ಕೊನೆಯನ್ನು ಗಮನಿಸಿ. ಅಲ್ಲಿ ಬಸವಣ್ಣನವರು ಯಾರನ್ನೋ ಮನೆಗೆ ಸೇರಿಸಿಕೊಳ್ಳುತ್ತಿಲ್ಲ, ತಮ್ಮನ್ನೇ ಸೇರಿಸಿಕೊಳ್ಳಿ ಎಂದು ಬೇಡುತ್ತಿದ್ದಾರೆ. ಕೂಡಲಸಂಗನ ಮನೆಗೆ ನಾವೆಲ್ಲರೂ ದತ್ತು ಬಂದವರೇ. ಇಷ್ಟು ತಿಳಿದರೆ "ಪೈಕಿ" ಎಂಬ ಮಾತು ಬಾಯಿಗೆ ಬರುವುದಿಲ್ಲ.

ಕೊನೆಗೆ ಮೂರು ಬಿನ್ನಹ.

ಒಂದು, ದತ್ತು ಬಂದ ಮಗುವಿನ ಜಾತಿ ಕೇಳಬೇಡಿ. ಎದುರಿಗೂ ಬೇಡ, ಹಿಂದೆಯೂ ಬೇಡ.

ಎರಡು, ಆ ಮಗುವಿನ ಮುಂದೆ "ಎಂಥ ಪುಣ್ಯದ ಕೆಲಸ ಮಾಡಿದ್ರಿ" ಎಂದು ನಮ್ಮನ್ನು ಹೊಗಳಬೇಡಿ. ತಾನು ಯಾರದೋ ಪುಣ್ಯದ ಬಾಬತ್ತು ಎಂದು ಯಾವ ಮಗುವಿಗೂ ಅನಿಸಬಾರದು.

ಮೂರು, ಮಗು ಬೇಕೆನ್ನುವವರು ಮಧ್ಯವರ್ತಿಗಳ ಕೈಯಿಂದ ಕೂಸನ್ನು ತರಬೇಡಿ. ಅದು ಅಪರಾಧ. ಆ ಕೂಸನ್ನು ಎಲ್ಲಿಂದ ತಂದರೋ, ಯಾವ ತಾಯಿಯಿಂದ ಕಿತ್ತು ತಂದರೋ ಯಾರಿಗೆ ಗೊತ್ತು. 2015ರ ಬಾಲ ನ್ಯಾಯ ಕಾಯ್ದೆಯ ದಾರಿ ಇದೆ. ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು, ಸಮಾಜ ಕಾರ್ಯಕರ್ತರು ಮನೆಗೆ ಬಂದು ನೋಡುತ್ತಾರೆ. ನಮ್ಮ ಮೊದಲ ಇಬ್ಬರಿಗೆ ನ್ಯಾಯಾಲಯದ ಆದೇಶವಾಗಿತ್ತು. ಈಗ ಜಿಲ್ಲಾಧಿಕಾರಿಗಳೇ ಆದೇಶ ಕೊಡುತ್ತಾರೆ. 1956ರ ಹಿಂದೂ ದತ್ತಕ ಕಾಯ್ದೆಯಲ್ಲಿ ಮಗನಿರುವವರು ಮತ್ತೆ ಮಗನನ್ನು ದತ್ತು ತೆಗೆದುಕೊಳ್ಳುವಂತಿಲ್ಲ. ಬಾಲ ನ್ಯಾಯ ಕಾಯ್ದೆಯಲ್ಲಿ ಆ ತಡೆಯಿಲ್ಲ. ಆದರೆ 2022ರ ನಿಯಮಗಳಂತೆ ಇಬ್ಬರು ಅಥವಾ ಹೆಚ್ಚು ಮಕ್ಕಳಿರುವ ದಂಪತಿಗೆ ವಿಶೇಷ ಅಗತ್ಯವಿರುವ ಮಕ್ಕಳನ್ನು, ಮನೆ ಸಿಗುವುದು ಕಷ್ಟವಾದ ಮಕ್ಕಳನ್ನು ಮಾತ್ರ ಕೊಡುತ್ತಾರೆ. ಎಲ್ಲರೂ ಹಸುಗೂಸನ್ನೇ ಕೇಳುತ್ತಾರೆ, ದೊಡ್ಡ ಮಕ್ಕಳು ಬಾಗಿಲು ನೋಡುತ್ತ ಕೂತಿರುತ್ತಾರೆ. ಅವರ ಬಗ್ಗೆಯೂ ಯೋಚಿಸಿ. ದತ್ತು ಸಾಧ್ಯವಾಗದಿದ್ದರೂ ತೊಂದರೆಯಲ್ಲಿರುವ ಮಗು ಕಣ್ಣಿಗೆ ಬಿದ್ದರೆ 1098ಕ್ಕೆ ಕರೆ ಮಾಡಿ. ಆ ಸಂಖ್ಯೆಯನ್ನು ಪ್ರತಿ ಮಠದ ದಾಸೋಹದ ಮನೆಯ ಗೋಡೆಯ ಮೇಲೆ ಬರೆಸಬೇಕೆಂದು ಪೂಜ್ಯರಲ್ಲಿ ಪ್ರಾರ್ಥಿಸುತ್ತೇನೆ.

ನಾನು ಇಲ್ಲಿಗೆ ಹೊರಡುವಾಗ ಅವನು ಕೇಳಿದ: "ಅವ್ವಾ, ನನ್ನ ಬಗ್ಗೆ ಹೇಳ್ತಿ ಏನು?" "ನೀನು ಹೂಂ ಅಂದ್ರ ಹೇಳ್ತೀನಿ" ಅಂದೆ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದ: "ಹೇಳು. ಆದ್ರ ರೊಟ್ಟಿ ಬುಟ್ಟಿ ಈಗ ಪುಟ್ಟಿ ಖಾಲಿ ಮಾಡ್ತಾಳ, ನಾ ಅಲ್ಲ, ಅದನ್ನೂ ಹೇಳು."

ಹೇಳಿದ್ದೇನೆ.